ಕಿವಿ ಮೇಷ್ಟ್ರಿಗೆ ಕೇಳದ ಸದ್ದು

ಆ ಮೆಕ್ಯಾನಿಕ್‌ಗೆ ಕಿವಿ ಮೇಷ್ಟ್ರು ಎಂದು ಹೆಸರಿಟ್ಟವರು ಗಿರಾಕಿಗಳೇ. ಯಾವ ಗಾಡಿ ಬಂದರೂ ಅವನು ಬಾನೆಟ್ ಎತ್ತುವ ಮೊದಲು ಪಕ್ಕದ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, "ಹೂಂ, ಹೊಡೀರಿ" ಎನ್ನುತ್ತಿದ್ದ. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ರೋಗ ಯಾವುದು, ಎಲ್ಲಿದೆ, ಇನ್ನೆಷ್ಟು ದಿನ ತಳ್ಳಬಹುದು ಎಂದು ಹೇಳಿಬಿಡುತ್ತಿದ್ದ. ಎದುರು ಸಾಲಿನ ಹೊಸ ಗ್ಯಾರೇಜಿನವರು ಗಾಡಿಗೆ ವೈರು ಚುಚ್ಚಿ ಪರದೆ ನೋಡುವುದನ್ನು ಕಂಡರೆ ಅವನಿಗೆ ನಗು. "ಅವರದು ಟೀವಿ ಅಂಗಡಿ, ನಮ್ಮದು ಗ್ಯಾರೇಜು" ಎನ್ನುತ್ತಿದ್ದ. ಹೊಗಳಿಕೆ ಕೇಳಿ ಕೇಳಿ ಮನುಷ್ಯ ಸ್ವಲ್ಪ ಉಬ್ಬಿದ್ದ ಎಂದರೂ ತಪ್ಪಿಲ್ಲ, ಆದರೆ ಕೆಲಸ ನಿಜಕ್ಕೂ ಬರುತ್ತಿತ್ತು.

ಮೇಷ್ಟ್ರ ಅಕ್ಕ ತನ್ನ ಪುಟ್ಟ ಕಾರನ್ನು ತಂದು ನಿಲ್ಲಿಸಿದಾಗ ಗ್ಯಾರೇಜಿನಲ್ಲಿ ಜನ ತುಂಬಿದ್ದರು. ಅವಳು ನರ್ಸು. ಆಸ್ಪತ್ರೆಯ ಕೆಲಸ ಮುಗಿದ ಮೇಲೂ ಕಾಲು ಚಾಚಿ ಕೂರುವವಳಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ತಾನೇ ಗಾಡಿ ಓಡಿಸಿಕೊಂಡು ಹೋಗಿ ಗಾಯದ ಪಟ್ಟಿ ಬದಲಿಸಿ, ಬಿಪಿ ನೋಡಿ, ಡಾಕ್ಟರಿಗೆ ವರದಿ ಒಪ್ಪಿಸಿ ಬರುತ್ತಿದ್ದಳು. ಆವತ್ತು ಮಗನೂ ಜೊತೆಗಿದ್ದ. ಅವನು ಒಳ್ಳೆಯವನೇ, ಆದರೆ ಪುಕ್ಕಲ. ತಾಯಿ ಒಂದು ಸಲ ಸೀನಿದರೆ ಎರಡು ಸಲ ಹಣೆ ಮುಟ್ಟಿ ನೋಡುವವನು.

"ಎಕ್ಸಲೇಟರ್ ಒತ್ತಿದಾಗ ಕುಂಯ್ ಅಂತ ಅಳುತ್ತೆ ಕಣೋ," ಎಂದಳು ಅಕ್ಕ. "ಯಾವಾಗ್ಲೂ ಅಲ್ಲ, ಒಮ್ಮೊಮ್ಮೆ. ಕಾಲು ತೆಗೆದ್ರೆ ನಿಂತುಹೋಗುತ್ತೆ."

"ನಿನ್ನ ಗಾಡಿ ಅಲ್ವಾ? ಅದಕ್ಕೂ ಮೂಡ್ ಬರ್ಬೇಕು," ಎಂದು ಮೇಷ್ಟ್ರು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದ.

ಬಿಸಿಲು ಜೋರಾಗಿತ್ತು, ಅಕ್ಕ ಎಸಿ ಹಾಕಿದಳು. ದೊಡ್ಡ ರಸ್ತೆಗೆ ಬಂದು ಕಾಲು ಒತ್ತಿದಳು. "ಈಗ! ಈಗ ಬಂತು ನೋಡು!" ಎಂದಳು. ಮೇಷ್ಟ್ರಿಗೆ ಇಂಜಿನ್ನಿನ ಗುಂಯ್‌ಗಾನ ಕೇಳಿತು, ಟೈರು ರಸ್ತೆ ಉಜ್ಜುವುದು ಕೇಳಿತು, ಎಲ್ಲೋ ಸಡಿಲವಾದ ನಂಬರ್ ಪ್ಲೇಟ್ ಲಟಲಟ ಎನ್ನುವುದೂ ಕೇಳಿತು. ಬೇರೇನಿಲ್ಲ. "ಎಲ್ಲಿ?" ಎಂದ. "ಇಷ್ಟು ಕೂಗ್ತಿದೆಯಲ್ಲೋ!" ಎಂದು ಅಕ್ಕ ಮತ್ತೆ ಒತ್ತಿದಳು, ಮತ್ತೆ ಬಿಟ್ಟಳು. ಅವನು ತಲೆಯಾಡಿಸಿದ.

ವಾಪಸ್ಸು ಬಂದಾಗ ಗಿರಾಕಿಗಳೆಲ್ಲ ತೀರ್ಪಿಗೆ ಕಾದಿದ್ದರು. ಜನ ಕಾದಿದ್ದರೆ ಇವನಿಗೆ ನಾಲಿಗೆ ಸುಮ್ಮನಿರುವುದಿಲ್ಲ. ಸೋದರಳಿಯನ ಹೆಗಲ ಮೇಲೆ ಕೈ ಹಾಕಿ, "ಗಾಡಿ ಗುಂಡುಕಲ್ಲಿನ ಹಾಗಿದೆಯಪ್ಪ. ಸದ್ದು ಗಾಡೀಲಿಲ್ಲ, ನಿಮ್ಮಮ್ಮನ ತಲೇಲಿದೆ. ಅದನ್ನ ಬಿಚ್ಚೋ ಸ್ಪ್ಯಾನರ್ ನನ್ನ ಹತ್ರ ಇಲ್ಲ!" ಎಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಸ್ವಲ್ಪ ತಡವಾಗಿ. ಮಗ ಮಾತ್ರ ನಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಳಿಯನ ಫೋನು ಬಂತು. "ಮಾವ, ನೀವು ಹೇಳಿದ್ದು ಒಳ್ಳೇದಾಯ್ತು. ಮೊನ್ನೆ ಅಮ್ಮ ಸ್ಟವ್ ಆರಿಸೋದು ಮರೆತು ಪಾತ್ರೆ ಸುಟ್ಟುಹಾಕಿದ್ರು. ಆಗ್ಲೂ ನಾನು ಸುಮ್ನಿದ್ದೆ. ಇಲ್ಲದ ಸದ್ದು ಕೇಳಿಸುತ್ತೆ ಅಂದ್ಮೇಲೆ ಗಾಡಿ ಹೇಗೆ ಕೊಡೋದು? ಕೀ ನಾನೇ ತಗೊಂಡಿದೀನಿ. ಡಾಕ್ಟರಿಗೂ ತೋರಿಸ್ತೀನಿ." ಮೇಷ್ಟ್ರಿಗೆ ಎಲ್ಲೋ ಚುಚ್ಚಿತು. ತಮಾಷೆಗೆ ಅಂದದ್ದು ಎನ್ನಬೇಕೆಂದುಕೊಂಡ. ಆದರೆ ಸದ್ದು ಇರಲಿಲ್ಲವೆಂಬುದು ತಮಾಷೆಯಲ್ಲವಲ್ಲ! "ಹುಷಾರಾಗಿ ನೋಡ್ಕೊಳ್ಳಪ್ಪ," ಎಂದಷ್ಟೇ ಹೇಳಿ ಫೋನಿಟ್ಟ.

ಗುಟ್ಟು ಬಯಲಾದದ್ದು ಮೇಷ್ಟ್ರ ಮೊಮ್ಮಗಳ ಜ್ವರದಿಂದ. ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಮೇಷ್ಟ್ರು ಕೂತೇ ಇದ್ದ. ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ಆಗ್ಲೇ ಕೂಗಿ ಸುಮ್ನಾಯ್ತಲ್ರೀ, ಇನ್ನೂ ಯಾಕೆ ಹಿಡ್ಕೊಂಡಿದೀರಾ?"

"ಕೂಗಲೇ ಇಲ್ವಲ್ಲೇ."

"ನಂಗೆ ಇಲ್ಲಿಗೇ ಕೇಳಿಸ್ತು."

"ತಾತ, ಪೀಂ ಪೀಂ ಅಂತು," ಎಂದಿತು ಮಗು.

ಮೇಷ್ಟ್ರು ಅದನ್ನು ತಗೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ತನ್ನ ಕಂಕುಳಲ್ಲಿಟ್ಟುಕೊಂಡು ಅಂಕಿ ನಿಲ್ಲುವವರೆಗೆ ಕಾದ. ಕಿವಿಗೆ ಒತ್ತಿ ಹಿಡಿದು ಮತ್ತೆ ಕಾದ. ಎಡಗಿವಿ, ಬಲಗಿವಿ. ಪುಟ್ಟ ಪರದೆ ಮಿನುಗುತ್ತಿತ್ತು, ಸದ್ದಿಲ್ಲ. ಹೊರಗಿನಿಂದ ಹೆಂಡತಿ, "ಒಳಗೆ ಅದೇನ್ರೀ ಪದೇ ಪದೇ ಪೀಂಗುಟ್ತಿದೆ?" ಎಂದಾಗ ಅವನಿಗೆ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ತಡವಾಗಿ ನಕ್ಕಿದ್ದ ಆ ಮುಖ. ಬಚ್ಚಲಿನ ಸ್ಟೂಲಿನ ಮೇಲೆ ಕೂತ. ತನ್ನ ಕಿವಿ ಹೋಯಿತೆಂಬ ದುಃಖ ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ.

ಹೊರಗೆ ಬಂದು ಎಲ್ಲ ಹೇಳಿದ. ಹೆಂಡತಿ, "ಅಂದ್ರೆ ಇಷ್ಟು ದಿನ ನಾನು ಬೈದಿದ್ರಲ್ಲಿ ಅರ್ಧ ನೀರುಪಾಲು ಅನ್ನಿ," ಎಂದಳು. ಅವನು ನಗಲಿಲ್ಲ. ಅವಳೂ ನಗು ನುಂಗಿಕೊಂಡು, "ಅತ್ತಿಗೆಗೆ ಈಗ್ಲೇ ಫೋನ್ ಮಾಡಿ ಹೇಳಿ," ಎಂದಳು.

"ಮೊದ್ಲು ಗಾಡಿ ನೋಡ್ತೀನಿ. ಸರಿ ಮಾಡಿ ಕೊಟ್ರೆ ಆಯ್ತಲ್ಲ."

"ಗಾಡಿ ಕೆಟ್ಟಿದ್ದಕ್ಕಲ್ಲ ಅವರ ಕೀ ಹೋಗಿದ್ದು."

ಆದರೂ ಅವನು ಅಳಿಯನಿಗೆ "ಒಂದ್ಸಲ ಸರ್ವೀಸ್ ಮಾಡಿಬಿಡ್ತೀನಿ" ಎಂದು ಏನೋ ನೆಪ ಹೇಳಿ ಕಾರು ತಂದ. ರಜಾ ದಿನ, ಗ್ಯಾರೇಜಿನ ಬಾಗಿಲು ಅರ್ಧ ಎಳೆದು, ಹೆಂಡತಿಯನ್ನು ಸ್ಟಿಯರಿಂಗಿನ ಹಿಂದೆ ಕೂರಿಸಿದ. ಬರೀ ಇಂಜಿನ್ ಏರಿಸಿದಾಗ ಅವಳು ಏನೂ ಇಲ್ಲವೆಂದಳು. ಲೈಟು ಹಾಕಿಸಿದ, ಎಸಿ ಹಾಕಿಸಿದ, ಮತ್ತೆ ಒತ್ತೆಂದ. ಅವಳು ಮುಖ ಕಿವುಚಿದಳು. "ಅಯ್ಯಪ್ಪಾ! ಹಲ್ಲೆಲ್ಲ ಜುಮ್ ಅಂತಿದೆ. ನಿಮಗೆ ನಿಜವಾಗ್ಲೂ ಕೇಳಿಸ್ತಿಲ್ವಾ?" ಅವನು ಬಾನೆಟ್ಟಿನ ಅಂಚು ಹಿಡಿದು ನಿಂತಿದ್ದ. ಅವಳ ಮುಖ ನೋಡಿಯೇ ಸದ್ದು ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ತಿಳಿಯಬೇಕಾಯಿತು.

ಇಂಜಿನ್ ಆರಿಸಿ, ಬೆಲ್ಟ್ ಬಿಚ್ಚಿ, ಅದು ಸುತ್ತಿಕೊಂಡಿದ್ದ ಒಂದೊಂದು ಗಾಲಿಯನ್ನೂ ಕೈಯಿಂದ ತಿರುಗಿಸಿದ. ಬೇರೆಯವೆಲ್ಲ ನುಣ್ಣಗೆ ತಿರುಗಿದವು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನದು ಮಾತ್ರ ಮರಳು ಬೆರೆತ ಹಿಟ್ಟಿನ ಹಾಗೆ ಬೆರಳಿಗೆ ಕರಕರ ಎಂದಿತು. ಒಳಗಿನ ಬೇರಿಂಗ್ ಒಣಗಿ ಸವೆದಿತ್ತು. ಲೈಟೋ ಎಸಿಯೋ ಹಾಕಿಕೊಂಡು ಎಕ್ಸಲೇಟರ್ ಒತ್ತಿದಾಗ ಅದರ ಮೇಲೆ ಹೊರೆ ಬಿದ್ದು ಅಳುತ್ತಿತ್ತು, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ಅಕ್ಕ ಹೇಳಿದ್ದು ಅಕ್ಷರಶಃ ಸರಿ. ಇನ್ನು ಸ್ವಲ್ಪ ದಿನ ಓಡಿಸಿದ್ದರೆ ಬೆಲ್ಟ್ ಕಿತ್ತು, ನಡುರಸ್ತೆಯಲ್ಲಿ ಗಾಡಿ ಕೈಕೊಡುತ್ತಿತ್ತು. ಇಂಥ ಗಾಡಿಯನ್ನು ಗುಂಡುಕಲ್ಲು ಎಂದು ಬೆನ್ನು ತಟ್ಟಿ ಕಳಿಸಿದ್ದೆನಲ್ಲ ಎಂದುಕೊಂಡ. ಹೊಸ ಬೇರಿಂಗ್ ಹಾಕಿದ. ಹೆಂಡತಿ ಕೂತು ಒತ್ತಿ ನೋಡಿ, ಸದ್ದು ಹೋಯಿತೆಂದಳು.

ಮರುದಿನ ಅಕ್ಕ, ಅವಳ ಮಗ ಇಬ್ಬರೂ ಬಸ್ಸಿನಲ್ಲಿ ಬಂದರು. ಗ್ಯಾರೇಜಿನಲ್ಲಿ ಎಂದಿನಂತೆ ಜನರಿದ್ದರು, ಮೇಷ್ಟ್ರ ಹೆಂಡತಿಯೂ ಬಂದು ಕೂತಿದ್ದಳು. ಅಕ್ಕ ಬೆಂಚಿನ ತುದಿಯಲ್ಲಿ ಕೂತಳು. ಗಾಳಿ ಹೊಡೆಯುವ ಯಂತ್ರ ಬುಸ್ಸೆಂದಾಗ ಅವಳು ಯಂತ್ರದ ಕಡೆ ತಿರುಗಲಿಲ್ಲ, ಮಗನ ಕಡೆ ತಿರುಗಿದಳು. ಅವನೂ ಬೆಚ್ಚಿದ್ದನ್ನು ಕಂಡ ಮೇಲೆ ಯಂತ್ರ ನೋಡಿದಳು. ಯಾರೋ ಕರೆದಾಗಲೂ ಅದೇ. ಮೇಷ್ಟ್ರು ಅದನ್ನು ನೋಡಿದ. ನೋಡಬಾರದಿತ್ತು ಎನಿಸಿತು.

"ಸದ್ದು ಸಿಕ್ತಪ್ಪ," ಎಂದ ಅಳಿಯನಿಗೆ. "ಬೇರಿಂಗ್ ಹೋಗಿತ್ತು, ಬದಲಾಯಿಸಿದೀನಿ. ಕೀ ಅಕ್ಕನ ಕೈಗೆ ಕೊಡು."

"ಅಂದ್ರೆ ಆವತ್ತು ಅಮ್ಮನಿಗೆ ಕೇಳಿಸಿದ್ದು ನಿಜಾನಾ ಮಾವ?"

ಗಾಡಿ ಬಿಡಿಸಿಕೊಳ್ಳಲು ಬಂದಿದ್ದ ಟ್ಯಾಕ್ಸಿಯವ ಕತ್ತೆತ್ತಿದ. "ಏನು ಮೇಷ್ಟ್ರೇ, ನಿಮ್ಮ ಕಿವಿಗೂ ಟೋಪಿ ಹಾಕಿತ್ತಾ?" ನಾಲ್ಕಾರು ತಲೆಗಳು ಈ ಕಡೆ ತಿರುಗಿದವು. ಹೇಳಬೇಕಾದ ಮಾತು ಮೇಷ್ಟ್ರ ಗಂಟಲವರೆಗೆ ಬಂದಿತ್ತು, ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ. ಆ ತಲೆಗಳನ್ನು ನೋಡಿದ್ದೇ ತಡ, ಬಾಯಿಗೆ ಬೇರೆಯದೇ ಬಂತು.

"ಛೆ ಛೆ, ಆವತ್ತು ಇರ್ಲಿಲ್ಲ. ಇದು ಆಮೇಲೆ ಹೋಗಿರೋದು."

ಹೆಂಡತಿ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಟ್ಯಾಕ್ಸಿಯವ, "ಅದೇ ಅನ್ಕೊಂಡೆ," ಎಂದು ತೃಪ್ತನಾದ. ಅಕ್ಕ ಎದ್ದು ಬಂದು ತಮ್ಮನ ತೋಳು ಹಿಡಿದಳು.

"ಆವತ್ತು ನಿಜವಾಗ್ಲೂ ಇರ್ಲಿಲ್ಲ ತಾನೆ? ಸರಿಯಾಗಿ ಹೇಳೋ."

"ಇರ್ಲಿಲ್ಲ ಅಕ್ಕ."

"ಸದ್ಯ!" ಅವಳ ಮುಖ ಅರಳಿತು. ಇಷ್ಟು ದಿನಗಳಲ್ಲಿ ಮೊದಲ ಸಲ ಉಸಿರು ಬಿಟ್ಟವಳ ಹಾಗೆ ಮಾತಾಡಿದಳು. "ಹಾಗಾದ್ರೆ ನಾನು ಮಾಡಿದ್ದು ಸರಿ. ನಾನು ಕಾಲಿಗೆ ಪಟ್ಟಿ ಹಾಕೋಕೆ ಹೋಗ್ತಿದ್ದ ಟೈಲರ್ ತಾತ ಇಲ್ವಾ? ನೀನು ಗಾಡೀಲೇನೂ ಇಲ್ಲ ಅಂದ ಮಾರನೇ ದಿನ ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಶ್ವಾಸಕೋಶದ ತಳದಲ್ಲಿ ಚರಚರ ಅಂತ ಕೇಳಿಸ್ತು. ಡಾಕ್ಟರಿಗೆ ಫೋನ್ ಮಾಡೋಕೆ ಹೋದೆ, ನಿನ್ನ ಮಾತು ನೆನಪಾಯ್ತು. ಇದೂ ನನ್ನ ತಲೇಲೇ ಇರ್ಬೇಕು, ಯಾಕೆ ಎಲ್ಲರ ಮುಂದೆ ನಗೆಪಾಟಲಾಗೋದು ಅಂತ ಸುಮ್ನಾದೆ. ಆಮೇಲೆ ಕೀನೂ ಹೋಯ್ತು, ಮತ್ತೆ ಹೋಗಿ ನೋಡೋಕಾಗ್ಲಿಲ್ಲ. ಆ ಚರಚರ ನಿಜವಾಗ್ಲೂ ಇತ್ತೇನೋ ಅಂತ ದಿನಾ ಕೊರೀತಿತ್ತು ಕಣೋ. ಈಗ ಸಮಾಧಾನ ಆಯ್ತು."

ಮೇಷ್ಟ್ರ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು. ಸುಮ್ಮನಿದ್ದರೆ ಅಕ್ಕ ನಗುತ್ತ ಮನೆಗೆ ಹೋಗುತ್ತಾಳೆ, ತನ್ನ ಹೆಸರೂ ಉಳಿಯುತ್ತದೆ. ಆ ಮುದುಕನ ಎದೆಯೊಳಗೆ ಏನಿದೆಯೋ ಅದು ಯಾರಿಗೂ ಕೇಳದೆ ಬೆಳೆಯುತ್ತಿರುತ್ತದೆ.

"ಇತ್ತು ಅಕ್ಕ," ಎಂದ. ದನಿ ಹೊರಡಲಿಲ್ಲ. ಮತ್ತೆ ಹೇಳಿದ, ಈ ಸಲ ಬೇಕಾದ್ದಕ್ಕಿಂತ ಜೋರಾಗಿ. "ಆವತ್ತೂ ಇತ್ತು! ನಿನಗೆ ಕೇಳಿಸಿದ್ದು ನಿಜ. ನನಗೇ ಕೇಳಿಸ್ಲಿಲ್ಲ. ಸಣ್ಣ ಸದ್ದು ಯಾವುದೂ ನನಗೆ ಕೇಳಿಸಲ್ಲ, ಕಿವಿ ಹೋಗಿದೆ. ಈಗ ಹೇಳಿದ್ದೂ ಸುಳ್ಳು, ಇವರೆಲ್ಲ ಇದಾರಂತ ಹೇಳ್ದೆ. ನಿನ್ನ ತಲೇಲಿ ಏನೂ ಇಲ್ಲ ಅಕ್ಕ. ಆ ತಾತನ ಡಾಕ್ಟರಿಗೆ ಫೋನ್ ಮಾಡು."

ಟ್ಯಾಕ್ಸಿಯವ ಏನೋ ಅಂದ. ಮೇಷ್ಟ್ರು ಅವನ ಕಡೆ ನೋಡಲಿಲ್ಲ. ಅಳಿಯ ಜೇಬಿನಿಂದ ಕೀ ತೆಗೆದು ಹಿಡಿದುಕೊಂಡು, ಯಾರಿಗೆ ಕೊಡಬೇಕೆಂದು ಮರೆತವನಂತೆ ನಿಂತಿದ್ದ. ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅವಳ ಮುಖದ ಬಣ್ಣ ಇಳಿಯಿತು. ಕೈಚೀಲದಿಂದ ಫೋನು ತೆಗೆದು ಟೈಲರ್ ತಾತನ ಮನೆಗೆ ಕರೆ ಮಾಡಿದಳು. "ನಾನಮ್ಮ, ನರ್ಸಮ್ಮ. ಅಪ್ಪ ಹೇಗಿದಾರೆ?" ಎಂದವಳು ಆಮೇಲೆ ಬರೀ ಕೇಳಿಸಿಕೊಂಡಳು. ಕೊನೆಗೆ ಫೋನನ್ನು ಎದೆಗೊತ್ತಿಕೊಂಡು ತಮ್ಮನಿಗೆ ಹೇಳಿದಳು.

"ಆಸ್ಪತ್ರೆಗೆ ಸೇರಿಸಿದಾರಂತೆ. ಉಸಿರಿಗೆ ಮೆಷಿನ್ ಹಾಕಿದಾರಂತೆ. ಮೊದ್ಲೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು ಅಂದ್ರಂತೆ ಡಾಕ್ಟರು." ಫೋನನ್ನು ಅವನ ಮುಂದೆ ಹಿಡಿದಳು. "ಅವರ ಮಗಳು. ಏನೋ ಕೇಳ್ತಿದಾಳೆ. ನನಗೆ ಹೇಳೋಕಾಗಲ್ಲ, ನೀನೇ ಹೇಳು."

ಅವನು ಗ್ರೀಸಿನ ಕೈಯಲ್ಲೇ ಫೋನು ತಗೊಂಡ. ಆ ಕಡೆ ಹೆಣ್ಣುಮಗಳ ಸಣ್ಣ ದನಿ, ಅಳುವಿನಲ್ಲಿ ಕಲಸಿಹೋದ ಮಾತು. ಅಪ್ಪ ಎಂಬುದೊಂದು ತಿಳಿಯಿತು, ಯಾಕೆ ಎಂಬುದೊಂದು ತಿಳಿಯಿತು. ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡ. ಅಲ್ಲೂ ಅಷ್ಟೇ.

"ಸರಿಯಾಗಿ ಕೇಳಿಸ್ಲಿಲ್ಲಮ್ಮ," ಎಂದ. "ಇನ್ನೊಂದು ಸಲ ಹೇಳ್ತೀರಾ?"

ಆ ಕಡೆಯವಳು ಉಸಿರೆಳೆದುಕೊಂಡು ಕೂಗಿ ಹೇಳಿದಳು. ಫೋನಿನಿಂದ ಹೊರಗೆ ಬಂದ ಆ ಮಾತು ಗ್ಯಾರೇಜಿನಲ್ಲಿದ್ದ ಎಲ್ಲರಿಗೂ ಕೇಳಿತು. "ನರ್ಸಮ್ಮ ಬರೋದು ಯಾಕೆ ನಿಲ್ಲಿಸಿದ್ರು ಅಂತ ಕೇಳ್ದೆ! ಅಪ್ಪ ದಿನಾ ಅವರ ಗಾಡಿ ಬಂತಾ ಬಂತಾ ಅಂತ ಬಾಗಿಲೇ ನೋಡ್ತಿದ್ರು!"

"ನನ್ನಿಂದಮ್ಮ," ಎಂದ ಮೇಷ್ಟ್ರು. "ಅವರು ನಿಲ್ಲಿಸ್ಲಿಲ್ಲ. ನಾನು ನಿಲ್ಲಿಸಿದ್ದು."