ಕಿವಿಮಾವನ ಕೈಗೆ ಉಣ್ಣೆಯ ಲಡಿ

ಮೂವತ್ತೊಂದು ವರ್ಷ ಆಂಟೆನಾ ನಿಲ್ದಾಣದಲ್ಲಿ ಕುಳಿತು ಬಾಹ್ಯಾಕಾಶ ನೌಕೆಗಳ ದನಿಗೆ ಕಿವಿಗೊಟ್ಟವನನ್ನು ಮನೆಮಂದಿ ಕಿವಿಮಾವ ಎಂದು ಕರೆಯುತ್ತಿದ್ದುದು ಸಹಜವೇ. ಆದರೆ ಅವನ ಜಾಣತನವೆಲ್ಲ ಇದ್ದುದು ಕೈಯಲ್ಲಿ. ದನಿ ಕೂದಲೆಳೆಯಷ್ಟು ಸರಿದರೂ ಹೆಬ್ಬೆರಳು ತಾನಾಗಿಯೇ ರೇಡಿಯೋದ ತಿರುಪನ್ನು ತಿರುಗಿಸಿ ಅದನ್ನು ಹಾದಿಗೆ ತರುತ್ತಿತ್ತು. ಕೊನೆಗೆ ಆ ಕೈಯೇ ಮುಳುವಾಯಿತು.

ಅವನ ಅಕ್ಕನ ಮಗಳು ಅದೇ ನಿಲ್ದಾಣದಲ್ಲಿ ವಿಜ್ಞಾನಿ. ದೂರದ ಗ್ರಹವೊಂದರ ಗಾಳಿ ಎಷ್ಟು ದಟ್ಟ, ಎಷ್ಟು ತಂಪು ಎಂದು ಅಳೆಯುವುದು ಅವಳ ಐದು ವರ್ಷದ ಹಂಬಲ. ಆ ಗ್ರಹವನ್ನು ಸುತ್ತುವ ನೌಕೆ ಅದರ ಹಿಂದೆ ಮರೆಯಾಗುವ ಮುನ್ನ ನೌಕೆಯ ರೇಡಿಯೋ ದನಿ ಅಲ್ಲಿನ ಗಾಳಿಯನ್ನು ಹಾದುಬರುತ್ತದೆ; ಆಗ ಬಾಗುತ್ತದೆ, ನಡುಗುತ್ತದೆ. ಆ ನಡುಕವೇ ಗಾಳಿಯ ಗುರುತು. ಕಳೆದ ತಿಂಗಳು ನಡುಕ ಬಂದೊಡನೆ ಕಿವಿಮಾವನ ಹೆಬ್ಬೆರಳು ರೂಢಿಯಂತೆ ಅದನ್ನು ಸರಿಪಡಿಸಿಬಿಟ್ಟಿತ್ತು. ಪರದೆಯ ಮೇಲೆ ಉಳಿದದ್ದು ಇಸ್ತ್ರಿ ಹಾಕಿದಂಥ ನೇರ ಗೆರೆ.

ನೌಕೆಯ ಇಂಧನ ತಳ ಕಂಡಿತ್ತು. ಇಂದು ಮಧ್ಯಾಹ್ನ ಅದು ಮರೆಯಾಗುವುದೇ ಕೊನೆಯ ಸಲ.

"ಮಾವ, ಇವತ್ತು ಮುಟ್ಟಬಾರದು," ಎಂದಳು ಸೋದರಸೊಸೆ.

"ನಾನೆಲ್ಲಿ ಮುಟ್ತೀನಿ? ಕೈ ಮುಟ್ಟತ್ತೆ."

"ಹಾಗಾದ್ರೆ ಆ ಕೈನ ಕರ್ಕೊಂಡು ಆಚೆ ಹೋಗಿ ಕೂತ್ಕೋ."

ಅದು ಆಗದ ಮಾತು. ಬಿರುಗಾಳಿ ಎದ್ದರೆ ಅಂಗಳದ ದೊಡ್ಡ ಆಂಟೆನಾವನ್ನು ತಡೆಯುವ ಪೆಡಲು ಅವನ ಕಾಲಡಿಯಿತ್ತು. ಅದರ ಹದ ಬಲ್ಲವನು ಅವನೊಬ್ಬನೇ. ಅಂಗೈಗಳನ್ನು ತೊಡೆಯಡಿ ಒತ್ತಿ ಕುಳಿತು ನೋಡಿದ. ಸೊಸೆ ಪರೀಕ್ಷೆಗೆಂದು ನಡುಗುವ ದನಿಯೊಂದನ್ನು ಹಾಕಿದೊಡನೆ ಬಲಗೈ ಕಳ್ಳಬೆಕ್ಕಿನಂತೆ ಹೊರಗೆ ಬಂತು. ಅವಳು ದನಿಯನ್ನು ಆರಿಸಿ ಗಡಿಯಾರ ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮನೆಗೆ ಫೋನು ಮಾಡಿದ.

ಅರ್ಧ ಗಂಟೆಯಲ್ಲಿ ಹೆಂಡತಿ ಬಂದಳು, ಚೀಲದಲ್ಲಿ ನೀಲಿ ಉಣ್ಣೆಯ ಲಡಿ. ಲಡಿಯನ್ನು ಗಂಡನ ಎರಡೂ ಕೈಗೆ ತೊಡಿಸಿ ಉಂಡೆ ಸುತ್ತುವುದು ಅವಳ ಬಹುಕಾಲದ ಪದ್ಧತಿ; ಆಗ ಅವನು ಮೂಗು ತುರಿಸಿಕೊಂಡರೂ ನೂಲು ಸಿಕ್ಕಾಗುತ್ತದೆ.

"ಕೈ ಅಗಲ ಮಾಡಿ," ಎಂದವಳು ಸೊಸೆಯತ್ತ ತಿರುಗಿ, "ಇಲ್ಲಿ ಎಷ್ಟೇ ದೊಡ್ಡವರಾಗಿರಲಿ, ನನ್ನ ಲಡಿಗೆ ಇವರು ಬರೀ ಗೂಟ," ಎಂದಳು.

"ನಿಧಾನ ಸುತ್ತಿ ಅತ್ತೆ. ಹನ್ನೊಂದು ನಿಮಿಷ ಬೇಕು."

ದನಿ ಗ್ರಹದ ಅಂಚಿಗೆ ಬಂದದ್ದು ಮೊದಲು ತಿಳಿದದ್ದು ಕಿವಿಮಾವನಿಗೇ: ಸಣ್ಣದೊಂದು ತೂಗಾಟ, ಆಮೇಲೆ ಜಾರುವಿಕೆ. ಹೆಬ್ಬೆರಳು ತಟ್ಟನೆ ಚಿಮ್ಮಿತು, ಮೂರು ಎಳೆ ಜಾರಿದವು.

"ಅಲ್ಲಾಡ್ಬೇಡಿ. ಸಿಕ್ಕಾದ್ರೆ ಬಿಡಿಸೋರು ನೀವೇ."

ಮದುವೆಯಾದಂದಿನಿಂದ ಆ ಬೆದರಿಕೆಗೆ ಅಂಜಿದವನು ಮತ್ತೆ ಅಲುಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ದನಿಯೊಂದನ್ನು ಅದರ ಪಾಡಿಗೆ ಬಿಟ್ಟು ಕೇಳಿದ. ಅದು ಬಾಗಿತು, ತೊದಲಿತು, ಯಾವುದೋ ತಂಪು ಪದರವನ್ನು ಹಾದು ಮೆಲ್ಲಗೆ ಅಡಗಿತು.

"ಎಷ್ಟು ಸೊಟ್ಟಗಿದೆ ನೋಡು ಮಾವ, ಗೆರೆ," ಎಂದಳು ಸೊಸೆ. ಪರದೆಯನ್ನು ಅವನತ್ತ ತಿರುಗಿಸಿದಳು.

"ಸಿಕ್ತಾ?"

"ಸಿಕ್ತು."

ಅವನು ಕೈ ಇಳಿಸಹೋದ.

"ಇನ್ನೂ ಅರ್ಧ ಲಡಿ ಇದೆ," ಎಂದಳು ಹೆಂಡತಿ.

ಕೈ ಎತ್ತಿಯೇ ಕುಳಿತ. ಮೂಗು ನವೆಯುತ್ತಿತ್ತು, ಸೊಸೆ ಎದ್ದು ಬಂದು ತುರಿಸಿಕೊಟ್ಟಳು.