ಗಾಲಿಯ ಕೆಳಗಿನ ನಿಂಬೆಹಣ್ಣು

“ಯಾವ ಕೈಲೆ ಒರಸೀದಿ ಆ ಪೆಡಲ್? ಆ ಕೈ ಮುಂದ ಹಿಡಿ, ಭೋಸುಡಿ! ಮುರದ ಹಾಕ್ತೀನಿ ಇವತ್ತ!”

ಬಾಪುಗೌಡ ಪಾಟೀಲ ಒಡೆದ ಗಾಜಿನ ರಾಶಿಯ ಮೇಲೆ ನಿಂತು ಕೂಗುತ್ತಿದ್ದ. ಅವನ ಬೆನ್ನ ಹಿಂದೆ, ಸೇವಂತಿಗೆ ಹಾರ ಹಾಕಿಕೊಂಡ ಹೊಚ್ಚ ಹೊಸ ಕಾರು ಶೋರೂಮಿನ ಕಂಬಕ್ಕೆ ಮೂತಿ ಒತ್ತಿಕೊಂಡು ನಿಂತಿತ್ತು. ಅದರ ಹೊಟ್ಟೆಯಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ಆರತಿ ತಟ್ಟೆ ಒಂದು ಕಡೆ, ಕುಂಕುಮ ಒಂದು ಕಡೆ. ಗೌಡನ ಹೆಂಡತಿ ಸೋಫಾದ ಮೇಲೆ ಕುಳಿತು ಎದೆ ಹಿಡಿದುಕೊಂಡಿದ್ದಳು. ಫಕೀರವ್ವನ ಕೈಯಲ್ಲಿ ಕಸಬರಿಗೆ ಇತ್ತು. ಜಜ್ಜಿದ ನಿಂಬೆಹಣ್ಣು ಬಳಿಯಲು ಬಂದವಳು ಅವಳು. ಬಳಿಯಬೇಕಾದ್ದು ಈಗ ಬಹಳ ಇತ್ತು.

“ಪೆಡಲಿಗೆ ನಾ ಏನೂ ಹಚ್ಚಿಲ್ರೀ ಧಣ್ಯಾರ,” ಎಂದಳು. “ಮಿಂಚೂ ಎಣ್ಣಿ ಟೈರಿಗೆ ಹಚ್ತೀನಿ. ಪೆಡಲ್ ಒಣಾ ಅರಿವೀಲೆ ಒರಸ್ತೀನ್ರೀ.”

“ಎದುರ ಮಾತಾಡ್ತಾಳ ನೋಡ್ರಿ ಮತ್ತ!” ಗೌಡ ಮ್ಯಾನೇಜರನ ಕಡೆ ತಿರುಗಿದ. “ಜವಳಿ, ಎಂಥಾ ಮಂದೀನ್ನ ಇಟ್ಟೀರಿ ನೀವು? ನಾ ಇವತ್ತ ಸಾಯಬೇಕಿತ್ತು.”

ಮ್ಯಾನೇಜರ್ ಸಂದೀಪ ಜವಳಿ ಎರಡೂ ಕೈ ಮುಗಿದ. ಅವನು ಅಷ್ಟು ಬಗ್ಗಿದ್ದನ್ನು ಫಕೀರವ್ವ ಹಿಂದೆಂದೂ ನೋಡಿರಲಿಲ್ಲ.

ಆ ಶೋರೂಮಿನಲ್ಲಿ ಕಾರು ಒಪ್ಪಿಸುವುದೆಂದರೆ ಒಂದು ಸಣ್ಣ ಮದುವೆ. ಕಾರಿಗೆ ಕೆಂಪು ಮುಸುಕು ಹಾಕುತ್ತಾರೆ, ಗಂಟೆ ಬಾರಿಸಿ ಮುಸುಕು ತೆಗೆಯುತ್ತಾರೆ, ಕೇಕು ಕತ್ತರಿಸುತ್ತಾರೆ, ಆಳುದ್ದದ ರಟ್ಟಿನ ಕೀಲಿಕೈ ಹಿಡಿಸಿ ಫೋಟೋ ಹೊಡೆಯುತ್ತಾರೆ. ಕಾರು ಮಾಡಿದ ಪರದೇಶದ ಕಂಪನಿಯವರು ಹೇಳಿಕೊಟ್ಟದ್ದು ಇಷ್ಟು. ಮುಂದಿನದು ನಮ್ಮವರದು. ಅಯ್ಯನವರು ಬಂದು ಪೂಜೆ ಮಾಡಿ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಡುತ್ತಾರೆ. ಕಾರಿನ ಧಣಿ ಅವನ್ನು ಜಜ್ಜಿ ಮುಂದೆ ಹೋದರೆ ದೃಷ್ಟಿ ಹೋಯಿತು. ಜಜ್ಜಿದ ಹಣ್ಣಿನಲ್ಲಿ ಆ ದೃಷ್ಟಿ ಇರುತ್ತದಲ್ಲ, ಅದನ್ನು ಟೈ ಕಟ್ಟಿದ ಶೋರೂಮಿನ ಹುಡುಗರು ಬೂಟಿನಿಂದಲೂ ಮುಟ್ಟುವುದಿಲ್ಲ. ಅದಕ್ಕೆ ಹಿಂದಿನ ವಾಷಿಂಗ್ ಶೆಡ್ಡಿನಿಂದ ಫಕೀರವ್ವನನ್ನು ಕೂಗುತ್ತಾರೆ. ಅವಳಿಗೆ ದೃಷ್ಟಿ ತಗುಲಿದರೆ ಹಾಳಾಗುವಂಥದ್ದು ಏನಿದೆ ಎಂದು ಅವರ ಲೆಕ್ಕ.

ಇವತ್ತೂ ಹಾಗೇ ಅವಳು ಕಸಬರಿಗೆ ಹಿಡಿದು ಒಂದು ಬದಿಗೆ ನಿಂತಿದ್ದಳು. ವಿಡಿಯೋ ತೆಗೆಯುವವನಿಗೆ ಗೌಡನ ಮುಖ ಕಾಣಲಿ ಎಂದು ಕಾರಿನ ಬಾಗಿಲು ತೆರೆದೇ ಇತ್ತು. ಗೌಡ ಜೀವಮಾನವೆಲ್ಲ ಗೇರಿನ ಜೀಪು ಓಡಿಸಿದವ. ಇದು ಗೇರಿಲ್ಲದ ಕಾರು. ಮಾರುವ ಹುಡುಗ ಹೇಳಿಕೊಡಲು ಹೋದಾಗ, “ನನಗ ಕಲಸ್ತೀಯೇನಲೇ ತಮ್ಮಾ? ನೀ ಹುಟ್ಟೂಕಿಂತ ಮೊದಲ ನಾ ಟ್ರ್ಯಾಕ್ಟರ್ ಹೊಡದೀನಿ,” ಎಂದು ಬಾಯಿ ಮುಚ್ಚಿಸಿದ್ದ. ನಿಂಬೆಹಣ್ಣು ಕೂಡಲೇ ಜಜ್ಜಲಿಲ್ಲ. “ಸ್ವಲ್ಪ ಒತ್ರೀ ಗೌಡ್ರ,” ಎಂದರು ಅಯ್ಯನವರು. ಗೌಡ ಒತ್ತಿದ. ಹಣ್ಣು ಪಟ್ಟೆಂದಿತು, ಕಾರು ಜಿಗಿಯಿತು. ನಿಲ್ಲಿಸಬೇಕೆಂದು ಗೌಡ ಮತ್ತೂ ಒತ್ತಿದ, ಅದೇ ಪೆಡಲನ್ನು. ಅವನ ಕೊಲ್ಹಾಪುರಿ ಚಪ್ಪಲಿ ಅದರ ಮೇಲೆಯೇ ಇತ್ತು, ಒಂದಿಷ್ಟೂ ಜಾರಿರಲಿಲ್ಲ. ಫಕೀರವ್ವ ಕಣ್ಣಾರೆ ನೋಡಿದಳು. ಅವಳ ಜೊತೆ ಶೆಡ್ಡಿನಲ್ಲಿ ದುಡಿಯುವ, ಕಾರನ್ನು ಒಳಗೆ ತಂದು ನಿಲ್ಲಿಸಿದ ಮೌಲಾಲಿಯೂ ಅವಳ ಪಕ್ಕದಲ್ಲೇ ನಿಂತು ನೋಡಿದ.

ಕಾರು ಗಾಜಿನ ಗೋಡೆ ಒಡೆದು ಕಂಬಕ್ಕೆ ಬಡಿಯಿತು. ಗಾಜು ಬಿದ್ದ ಸದ್ದು ಅಡಗಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮಾರುವ ಹುಡುಗ ನಡುಗುತ್ತ, “ಪೆಡಲ್ ಮ್ಯಾಲ ಪಾಲಿಶ್ ಬಿದ್ದಿರಬೇಕ್ರೀ ಸರ್, ಕಾಲ ಜಾರಿರಬೇಕು,” ಎಂದುಬಿಟ್ಟ. ಗೌಡ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಿಡಲೇ ಇಲ್ಲ.

ವಾಷಿಂಗ್ ಶೆಡ್ಡು ಶೋರೂಮಿನ ಹಿಂದೆ. ಮುಂದೆ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಕಾಣುವುದು ಗಾಜು, ಹಿಂದೆ ತಗಡು. ಏಪ್ರಿಲ್ ಬಿಸಿಲಿಗೆ ತಗಡು ಕಾದು ಹಂಚಾಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಫಕೀರವ್ವನ ಕೈ ನೀರಿನಲ್ಲೇ ಇರುತ್ತದೆ, ಬೆರಳ ಸಂದಿಯ ಚರ್ಮ ಸುಲಿದು ಬಿಳಿಚಿಕೊಂಡಿದೆ. ಆದರೆ ಕುಡಿಯಲು ಶೆಡ್ಡಿನ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ, ಅದೂ ಮಧ್ಯಾಹ್ನದ ಹೊತ್ತಿಗೆ ಬಿಸಿ. ಗಿರಾಕಿಗಳ ಕೋಣೆಯಲ್ಲಿ ತಣ್ಣೀರಿನ ಯಂತ್ರವಿದೆ, ಪುದೀನಾ ಹಾಕಿದ ನಿಂಬೆ ಶರಬತ್ತು ಕೊಡುತ್ತಾರೆ. ಒಮ್ಮೆ ಬಾಟಲಿ ಹಿಡಿದು ಹೋಗಿದ್ದಳು. “ಒಳಗ ಬರಬ್ಯಾಡ್ರಿ, ವಾಸನಿ ಹೊಡೀತೀರಿ,” ಎಂದಿದ್ದಳು ಅಲ್ಲಿನ ಹುಡುಗಿ. ಆ ವಾಸನೆ ಅವರದೇ ಶಾಂಪೂವಿನದು.

ಕಂಪನಿಯ ಗುರುತು ಮೂರು ಎಲೆ. ಅದು ಮಾರುವ ಕಾರುಗಳಿಗೆ ಶೆಡ್ಡಿನಲ್ಲಿ ಬೇರೆ ಹೆಸರುಗಳಿದ್ದವು: ಗಿಡ್ಡಿ, ಡೊಳ್ಳಿ, ಆನಿ. ಗೌಡ ಕೊಂಡದ್ದು ಆನಿ. ಗಿಡ್ಡಿಯನ್ನು ಕಂಪನಿ ಈಗ ಮಾಡುವುದೇ ಇಲ್ಲ, ಸಣ್ಣ ಕಾರಿನಲ್ಲಿ ಲಾಭವಿಲ್ಲವಂತೆ. ಕುಂದಗೋಳದ ಒಬ್ಬ ಮಾಸ್ತರರ ಗಿಡ್ಡಿ ಮಳೆಗಾಲದಿಂದ ಶೆಡ್ಡಿನ ಪಕ್ಕ ಧೂಳು ತಿನ್ನುತ್ತ ನಿಂತಿದೆ. ಯಾವುದೋ ಬಿಡಿಭಾಗ ಬರಬೇಕು. ಮಾಸ್ತರರು ಬಂದಾಗಲೆಲ್ಲ ಶರಬತ್ತು ಕೊಟ್ಟು ಕಳಿಸುತ್ತಾರೆ. ಬಾಪುಗೌಡನ ಆನಿಗೆ ಬದಲು ಆನಿ ಮಾತ್ರ ಪುಣೆಯಿಂದ ವಾರದೊಳಗೇ ಬಂದಿತು.

“ಮೌಲಾಲಿ, ನೀ ನೋಡೀದ್ಯೋ ಇಲ್ಲೋ?” ಫಕೀರವ್ವ ಪೈಪು ಕೆಳಗಿಟ್ಟು ಕೇಳಿದಳು.

“ನೋಡೇನಿ ಅಕ್ಕಾ.”

“ಮತ್ತ ಹೇಳಲಾ ಹಂಗಂತ.”

ಮೌಲಾಲಿ ಕಾರಿನ ಚಾಪೆ ಝಾಡಿಸುವುದನ್ನು ನಿಲ್ಲಿಸಲಿಲ್ಲ. “ನಿನ್ನ ಮುಂದ ನೋಡೇನಿ. ಅವರ ಮುಂದ ನೋಡಿಲ್ಲ. ನನ್ನ ಹೊಟ್ಟೀ ಮ್ಯಾಲ ಹೊಡೀಬ್ಯಾಡಕ್ಕಾ.”

“ನಿನ್ನ ಹೊಟ್ಟಿ ಹೊಟ್ಟಿ, ನಂದೇನ ಹಾಳಬಾವೇನೋ ಹಾಟ್ಯಾ?”

ಅವನು ಇನ್ನೊಂದು ಚಾಪೆ ಎಳೆದುಕೊಂಡ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಸಿಟ್ಟು ಮಾಡಿಯೂ ಪ್ರಯೋಜನವಿಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಬದಲಿ ಕಾರು ಬಂದ ದಿನ ಜವಳಿ ಕರೆದಾಗ ಅವಳು ಗಾಜಿನ ಕ್ಯಾಬಿನ್ನಿನ ಹೊಸ್ತಿಲ ಹೊರಗೇ ನಿಂತಳು. ಒದ್ದೆಗಾಲಲ್ಲಿ ಒಳಗೆ ಬರುವಂತಿಲ್ಲ. ಜವಳಿ ಕೂಗಾಡುವ ಪೈಕಿ ಅಲ್ಲ. ಮೆತ್ತಗೆ ಮಾತಾಡುತ್ತಾನೆ, ಅದೇ ಕಷ್ಟ.

“ನೋಡು ಫಕೀರವ್ವ, ಗಾಡಿದ್ದು ತಪ್ಪು ಅಂದ್ರ ಹೊರದೇಶದಿಂದ ಸಾಹೇಬ್ರು ಬಂದು ನನ್ನ ಚರ್ಮ ಸುಲೀತಾರ. ಗೌಡ್ರದು ತಪ್ಪು ಅಂದ್ರ ಅವರು ತಮ್ಮ ಮಿಲ್ಲಿಗೆ ತಗೋಬೇಕಂತ ಮಾಡಿದ್ದ ಗಾಡಿ ಎಲ್ಲಾ ಬ್ಯಾರೇ ಕಡೆ ತಗೋತಾರ. ಇನ್ನ ಯಾರು ಉಳದ್ರು?”

“ನಾ ಒಬ್ಬಾಕಿ ಉಳದ್ನಿ.”

“ಶಾಣ್ಯಾಕಿ ಇದ್ದೀ. ನಾಳೆ ಹೊಸಾ ಗಾಡಿ ಕೊಡೂ ಮುಂದ ಎಲ್ಲಾರ ಎದುರಿಗೆ ‘ನನ್ನ ಕೈತಪ್ಪಿಲೆ ಎಣ್ಣಿ ಬಿತ್ತು, ತಪ್ಪಾತ್ರಿ’ ಅಂತ ಹೇಳು. ಮುಗೀತು. ಆಮೇಲೆ ಕಂಪನಿಯಿಂದ ಗೌಡ್ರಿಗೆ ಫೋನ್ ಬರ್ತೈತಿ, ನಮ್ಮ ಸರ್ವೀಸಿಗೆ ಎಷ್ಟು ಮಾರ್ಕ್ಸ್ ಅಂತ ಕೇಳ್ತಾರ. ಹತ್ತಕ್ಕ ಹತ್ತು ಕೊಡ್ತೀನಿ ಅಂದಾರ. ಒಂಬತ್ತು ಬಂದ್ರೂ ನಾವು ಫೇಲು.”

“ಸಾಹೇಬ್ರ, ಪೆಡಲಿಗೆ ಎಣ್ಣಿ ಹಚ್ಚಿದಾಕಿ ಅಂತ ಒಮ್ಮೆ ಹೆಸರು ಬಿದ್ರ ಈ ರಸ್ತೇದಾಗ ಯಾವ ಶೋರೂಮಿನ್ಯಾಂವ ನನ್ನ ಬಾಗಲ ಒಳಗ ಬಿಡ್ತಾನ್ರೀ?”

“ಯಾಕ ಬ್ಯಾರೇ ಶೋರೂಮಿಗೆ ಹೋಗ್ತಿ? ಹೇಳಿದ್ರ ಇಲ್ಲೇ ಇರ್ತಿ. ಹೇಳದಿದ್ರ…” ಜವಳಿ ಪೆನ್ನಿನಿಂದ ಬಾಗಿಲು ತೋರಿಸಿದ.

ಅವಳು ಇವನ ಮುಂದೆ ಅಳಬಾರದೆಂದು ಸೆರಗಿನ ತುದಿ ಕಚ್ಚಿಕೊಂಡಳು. ಅವಳ ತಾಯಿ ಹುಬ್ಬಳ್ಳಿಯ ಗಟಾರ ಬಳಿದು ಸತ್ತವಳು. ಗಟಾರ ಬೇಡ ಎಂದು ಫಕೀರವ್ವ ಇಲ್ಲಿಗೆ ಬಂದಿದ್ದಳು. ಕಾರು ತೊಳೆಯುವುದು ಹೊಲಸಿನ ಕೆಲಸವಲ್ಲ, ಅದರಲ್ಲಿ ಒಂದು ಹೊಳಪಿದೆ ಎಂದುಕೊಂಡಿದ್ದಳು.

“ಕಾಲ ಹಿಡೀಬೇಕೇನ್ರೀ ಅವರದು?” ಎಂದು ಕೇಳಿದಳು.

“ಇಲ್ಲ, ಇಲ್ಲ. ಗೌಡ್ರು ಮುಟ್ಟಸ್ಕೊಳ್ಳೂದಿಲ್ಲ. ದೂರ ನಿಂತು ನೆಲಾ ಮುಟ್ಟು, ಸಾಕು.” ಆಮೇಲೆ ದನಿ ತಗ್ಗಿಸಿದ. “ಇನ್ನೊಂದು. ಆಕಿ ನಮ್ಮ ಗಾಡಿ ಒಳಗ ಕಾಲಿಡಬಾರದು ಅಂತನೂ ಹೇಳ್ಯಾರ. ಆತು ಅಂದೀನಿ. ಆದ್ರ ಒಳಗ ಸ್ವಚ್ಛ ಮಾಡಾಕ ನಿನ್ನ ಬಿಟ್ರ ಯಾರು ಅದಾರ? ಮುಂಜಾನೆ ಲಗೂನ ಬಂದು ಮುಗಿಸಿಬಿಡು. ಬಾಯಿ ಬಿಡಬ್ಯಾಡ.”

ಮರುದಿನ ಬೆಳಿಗ್ಗೆ ಅವಳು ಲಗುಬಗನೆ ಬಂದು ಹೊಸ ಆನಿಯ ಒಳಗೆ ಹತ್ತಿದಳು. ಸೀಟುಗಳ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸೀಳಿ ತೆಗೆದಳು. ಗೌಡ ಕೂಡುವ ಸೀಟಿನಲ್ಲಿ ಕುಂತು ಡ್ಯಾಶ್‌ಬೋರ್ಡ್ ಒರೆಸಿದಳು, ಬಗ್ಗಿ ಒಣ ಅರಿವೆಯಿಂದ ಪೆಡಲ್ ಒರೆಸಿದಳು. ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ತಪ್ಪಾತ್ರಿ ಎಂದು ಒಮ್ಮೆ ಅಂದು ನೋಡಿದಳು. ಆ ಕನ್ನಡಿಯ ಹೆಂಗಸು ಒಪ್ಪಲಿಲ್ಲ.

ಹೊತ್ತೇರಿದ ಮೇಲೆ ಎರಡನೆಯ ಮದುವೆ ಶುರುವಾಯಿತು. ಈ ಸಲ ಕಾರನ್ನು ಹೊರಗೆ ಅಂಗಳದಲ್ಲಿ ನಿಲ್ಲಿಸಿದ್ದರು, ಎದುರಿಗೆ ಒಡೆಯುವಂಥದ್ದು ಏನೂ ಇರದ ಹಾಗೆ. ಮುಸುಕು, ಗಂಟೆ, ಕೇಕು, ರಟ್ಟಿನ ಕೀಲಿಕೈ ಎಲ್ಲ ಆಯಿತು. ಅಯ್ಯನವರು ನಾಲ್ಕು ನಿಂಬೆಹಣ್ಣು ಇಟ್ಟರು. ಗೌಡ ಒಳಗೆ ಕುಳಿತ. ಪಕ್ಕದ ಸೀಟಿನಲ್ಲಿ ಜವಳಿ, ನಗುತ್ತ, ಒಂದು ಕೈ ಬ್ರೇಕಿನ ಗುಂಡಿಯ ಹತ್ತಿರ. ಗೌಡನ ಬಲಗಾಲು ಪೆಡಲಿನಿಂದ ಗೇಣುದ್ದ ಮೇಲೆ ನಿಂತಿತ್ತು. ಅದು ನಡುಗುತ್ತಿದ್ದುದು ಫಕೀರವ್ವನಿಗೆ ಕಂಡಿತು.

“ಮೊದಲ ಆಕೀನ್ನ ಕರೀರಿ,” ಎಂದ ಗೌಡ, ಕಾಲು ಇಳಿಸುವುದು ಸ್ವಲ್ಪ ತಡವಾಗಲಿ ಎಂಬಂತೆ.

ಜವಳಿ ಕಣ್ಣು ಮಾಡಿದ. ಫಕೀರವ್ವ ಮುಂದೆ ಬಂದಳು.

“ಅಲ್ಲೇ ನಿಂದರು, ಅಲ್ಲೇ,” ಅಯ್ಯನವರು ಕೈ ಅಡ್ಡ ಹಿಡಿದರು. “ಅಲ್ಲಿಂದನ ನೆಲಾ ಮುಟ್ಟಿ ಹೇಳು. ಮುಹೂರ್ತ ಮೀರತೈತಿ.”

ಫಕೀರವ್ವ ಅಲ್ಲಿ ನಿಲ್ಲಲಿಲ್ಲ. ಕಾರಿನ ಹತ್ತಿರ ಹೋಗಿ ಬಗ್ಗಿದಳು. ನೆಲ ಮುಟ್ಟುತ್ತಾಳೆಂದು ಎಲ್ಲರೂ ತಿಳಿದರು, ವಿಡಿಯೋದವನೂ ತಿಳಿದ. ಅವಳು ಮುಂದಿನ ಗಾಲಿಯ ಕೆಳಗಿನ ನಿಂಬೆಹಣ್ಣು ತೆಗೆದುಕೊಂಡು ಉಡಿಗೆ ಹಾಕಿಕೊಂಡಳು. ಆಚೆ ಬದಿಗೆ ಹೋಗಿ ಇನ್ನೊಂದು. ಹಿಂದೆ ಹೋಗಿ ಮತ್ತೆರಡು.

“ಏ! ಏನ ಮಾಡ್ತಿ? ಅದನ್ನ ಯಾಕ ಮುಟ್ಟೀದಿ?” ಅಯ್ಯನವರ ದನಿ ಕೀರಲಾಯಿತು.

“ನೀವು ಇಟ್ಟದ್ದನ್ನ ಕಡೀಕ ನಾನ ಬಳೀಬೇಕಲ್ರೀ ಅಯ್ಯನೋರ. ಜಜ್ಜೂಕಿಂತ ಮೊದಲ ತಗೊಂಡ್ನಿ.” ಫಕೀರವ್ವ ಕಿಟಕಿಯ ಹತ್ತಿರ ಬಂದು ನಿಂತಳು. “ಗೌಡ್ರ, ಪೆಡಲಿಗೆ ನಾ ಏನೂ ಹಚ್ಚಿಲ್ಲ. ನಿಮ್ಮ ಕಾಲ ಜಾರಿಲ್ಲ. ಯಾವುದು ಒತ್ತಬೇಕಂತ ನಿಮಗ ತಿಳೀಲಿಲ್ಲ, ಅಷ್ಟ. ಈ ಗಾಡಿ ಒಳಗ ನಾ ಕಾಲಿಡಬಾರದು ಅಂದ್ರಂತಲ್ಲ. ನೀವು ಕುಂತ ಸೀಟಿನಾಗ ಮುಂಜಾನೆ ನಾ ಕುಂತು ಒರಸೀನಿ. ಯಾವ ಗಾಜೂ ಒಡೀಲಿಲ್ರೀ.”

ಗೌಡ ಸೀಟಿನಿಂದ ಚಿಮ್ಮಿದ, ಸೀಟು ಪಟ್ಟಿ ಹಿಡಿದೆಳೆಯಿತು. “ಲೇ ಜವಳಿ! ಬೋಳೀಮಗನ! ನನ್ನ ಮುಂದ ಒಂದು ಹೇಳಿ…” ಪಟ್ಟಿ ಬಿಚ್ಚುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ. ಜವಳಿ ಬಿಚ್ಚಿಕೊಡಲು ಹೋಗಿ ಬೈಸಿಕೊಂಡ. ಗೌಡನ ಹೆಂಡತಿ ಅಯ್ಯನವರನ್ನು ಕೇಳುತ್ತಿದ್ದಳು, ಸೀಟಿಗೆ ಗೋಮೂತ್ರ ಹಾಕಿದರೆ ಕಲೆ ಬೀಳುತ್ತದೋ ಹೇಗೆ ಎಂದು.

ಫಕೀರವ್ವ ಹಿಂದಿನ ಶೆಡ್ಡಿಗೆ ನಡೆದಳು. ಪ್ಲಾಸ್ಟಿಕ್ ಸೀಳುವ ಬ್ಲೇಡನ್ನು ತೊಳೆದು ನಿಂಬೆಹಣ್ಣು ಹೆಚ್ಚಿದಳು. ಬುತ್ತಿಯ ಪೊಟ್ಟಣದ ಉಪ್ಪು ಹಾಕಿ ಗಡಿಗೆಯ ಬಿಸಿ ನೀರಿಗೆ ಹಿಂಡಿದಳು. ಬೆರಳ ಸಂದಿಯ ಸುಲಿದ ಚರ್ಮಕ್ಕೆ ಹುಳಿ ತಾಕಿ ಉರಿ ಎದ್ದಿತು. ಹಿಂಡುವುದನ್ನು ಬಿಡಲಿಲ್ಲ. ಒಂದು ಲೋಟ ತುಂಬಿಕೊಂಡು ಗಟಗಟ ಕುಡಿದಳು.

ಮೌಲಾಲಿ ಓಡಿ ಬಂದವನು ಅಲ್ಲೇ ನಿಂತುಬಿಟ್ಟ. “ಅಕ್ಕಾ, ದೃಷ್ಟಿದವು ಅವು!”

“ಹೌದೇಳು. ಅವರ ದೃಷ್ಟಿ ಇಷ್ಟ ದಿನಾ ಬಳದ್ನಿ, ಇವತ್ತ ಕುಡದ್ನಿ. ಹುಳಿ ಐತಿ. ನೀ ಏನ ನೋಡಿಲ್ಲಲ್ಲ, ಹೋಗು.”

ಜವಳಿ ಶೆಡ್ಡಿನ ಬಾಯಿಗೆ ಬಂದ. ಬೂಟು ಒದ್ದೆಯಾಗುತ್ತದೆಂದು ಒಳಗೆ ಬರಲಿಲ್ಲ. ಮೆತ್ತಗಿನ ದನಿ ಎಲ್ಲೋ ಹೋಗಿತ್ತು. “ಹೊರಗ ನಡಿ! ಈಗಿಂದೀಗ ಹೊರಗ ನಡಿ ರಂಡೆ! ನಾಳೆ ಗೇಟಿನಾಗ ಕಂಡ್ರ ಪೊಲೀಸರನ್ನ ಕರೀತೀನಿ. ಆ ಉಳದ ನಿಂಬಿಹಣ್ಣರ ಕೊಡು ಇತ್ಲಾಗ, ಮುಹೂರ್ತ ಹೊಂಟೈತಿ!”

“ಒಂದೂ ಉಳದಿಲ್ರೀ,” ಎಂದಳು ಫಕೀರವ್ವ. “ಶರಬತ್ತು ಐತಿ. ಕುಡೀತೀರೇನು?”

ಜವಳಿ ನಿಂಬೆಹಣ್ಣು ತರಲು ಯಾರನ್ನೋ ಕೂಗುತ್ತ ಅಂಗಳಕ್ಕೆ ಓಡಿದ. ಶೆಡ್ಡಿನ ತಗಡಿನ ಸಂದಿಯಿಂದ ಹಾರ ಹಾಕಿಕೊಂಡ ಆನಿ ಕಾಣುತ್ತಿತ್ತು. ಗೌಡ ಇಳಿದಿರಲಿಲ್ಲ, ಮುಂದೆಯೂ ಹೋಗಿರಲಿಲ್ಲ. ನಿಂಬೆಹಣ್ಣಿಲ್ಲದೆ ಹೊರಡಲು ಅವನಿಗೆ ಧೈರ್ಯವಿರಲಿಲ್ಲ, ಅವಳು ಕುಂತೆದ್ದ ಸೀಟಿನಲ್ಲಿ ಒರಗಿ ಕೂಡಲು ಮನಸ್ಸಿರಲಿಲ್ಲ. ಕುಂಡೆಯನ್ನು ಸೀಟಿನಿಂದ ಅರ್ಧ ಎತ್ತಿ, ಎರಡೂ ಕೈಯಿಂದ ಸ್ಟೇರಿಂಗು ಹಿಡಿದು, ಬೆವರುತ್ತಿದ್ದ.

ಮೌಲಾಲಿ ಆ ಕಡೆ ನೋಡಿದ, ಗಡಿಗೆಯ ಕಡೆ ನೋಡಿದ. ಮೂಲೆಯಲ್ಲಿ ಬೋರಲು ಬಿದ್ದಿದ್ದ ತನ್ನ ಸ್ಟೀಲಿನ ಲೋಟ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಅವಳ ಮುಂದೆ ಹಿಡಿದ. ಫಕೀರವ್ವ ಲೋಟದ ತುಂಬ ಹೊಯ್ದಳು.