ಎರಡನೆಯ ಬೆಂಕಿ

ಬೀದಿಯ ಕೊನೆಯಲ್ಲಿದ್ದ ಕಮ್ಮಾರನ ಕುಲುಮೆಯಲ್ಲಿ ಮೂರು ತಲೆಮಾರಿನಿಂದ ಬೆಂಕಿ ಆರಿರಲಿಲ್ಲ. ಸಂಜೆ ಕೆಂಡಗಳನ್ನು ಒಟ್ಟುಮಾಡಿ ಬೂದಿ ಮುಚ್ಚುವುದು, ಬೆಳಿಗ್ಗೆ ಬೂದಿ ಸರಿಸಿ ತಿದಿ ಒತ್ತಿ ಗಾಳಿ ಊದುವುದು. ಅಜ್ಜ ಹೊತ್ತಿಸಿದ್ದು, ಅಪ್ಪ ಕಾಯ್ದದ್ದು, ತಾನು ಉಳಿಸಿಕೊಂಡದ್ದು. ಬೆಂಕಿಗೆ ಕೈಮುಗಿಯದೆ ಅವನು ಒಂದು ಮೊಳೆಯನ್ನೂ ಬಡಿದವನಲ್ಲ.

ಬಲಭುಜ ಸೋತು ಸುತ್ತಿಗೆ ಎತ್ತಲಾಗದಂತಾದಾಗ ಮಗಳು ಮುಂದೆ ಬಂದಳು. ಒಂದು ತಿಂಗಳು ನೋಡೋಣ, ಬೆಂಕಿ ಕಾಯಲು ಬಂದರೆ ಕುಲುಮೆ ನಿನ್ನದು, ಇಲ್ಲವಾದರೆ ಬಾಗಿಲು ಹಾಕಿಬಿಡೋಣ ಎಂದಿದ್ದ. ಇಪ್ಪತ್ತೆಂಟು ದಿನ ಸಲೀಸಾಗಿ ಕಳೆದವು. ಮಾರನೆಯ ಬೆಳಿಗ್ಗೆ ಅವಳು ಬೂದಿ ಸರಿಸಿದರೆ ಕೆಳಗೂ ಬೂದಿಯೇ. ಎಲ್ಲಿ ಆರಿಹೋದೀತೋ ಎಂಬ ಭಯಕ್ಕೆ ಹಿಂದಿನ ಸಂಜೆ ಒಂದು ಮಂಕರಿ ಬೂದಿ ಹೆಚ್ಚೇ ಸುರಿದು, ತಟ್ಟಿ ತಟ್ಟಿ ಗಟ್ಟಿ ಮಾಡಿದ್ದಳು. ಹೊದಿಕೆ ಹೆಚ್ಚಾಗಿ ಕೆಂಡಕ್ಕೆ ಉಸಿರು ಕಟ್ಟಿತ್ತು.

ಬೆಂಕಿಪೊಟ್ಟಣ ಗೂಡಿನಲ್ಲೇ ಇತ್ತು. ಗೀರಿ ಹಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಒಳಗೆ ಹೋಗಿ ಹೇಳಿಬಿಟ್ಟಳು. ಅಪ್ಪ ಬಂದು ಬೂದಿಯೊಳಗೆ ಕೈಯಿಟ್ಟು ನೋಡಿದ. ಸುತ್ತಿಗೆಯೇಟು ತಾಳುವ ಕಬ್ಬಿಣದ ಅಡಿಗಲ್ಲಿಗೆ ಬೆನ್ನು ಹಾಕಿ ಕೂತ.

ಆ ಹೊತ್ತಿಗೆ ಶಾಲೆಯ ವಿಜ್ಞಾನದ ಟೀಚರು ದೂರದರ್ಶಕದ ಸೊಟ್ಟಗಾದ ಕಬ್ಬಿಣದ ಕಾಲನ್ನು ಹಿಡಿದುಕೊಂಡು ಬಂದರು. ಸಂಜೆ ಮಕ್ಕಳಿಗೆ ಗ್ರಹಗಳನ್ನು ತೋರಿಸಬೇಕಿತ್ತು. ಇಂದು ಆಗದು, ಇನ್ನೆಂದೂ ಆಗದು ಎಂದ ಕಮ್ಮಾರ. ಯಾಕೆಂದು ಕೇಳಿದ್ದಕ್ಕೆ ನಡೆದದ್ದನ್ನು ಹೇಳಿದ. ಟೀಚರು ಸಮಾಧಾನದ ಮಾತು ಆಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಕತೆ ಹೇಳುವವರಂತೆ ಶುರುಮಾಡಿದರು. ಸೂರ್ಯನಿಗಿಂತ ಎಷ್ಟೋ ಪಾಲು ದೊಡ್ಡ ನಕ್ಷತ್ರಗಳು ತಮ್ಮೊಳಗಿನದನ್ನೇ ಉರಿಸುತ್ತ ಉರಿಸುತ್ತ ಕೊನೆಗೆ ಒಡಲಲ್ಲಿ ಕಬ್ಬಿಣ ಕಟ್ಟಿಕೊಳ್ಳುತ್ತವೆ. ಆ ಕಬ್ಬಿಣದಿಂದ ಮುಂದೆ ಕಾವು ಹುಟ್ಟದು. ನಕ್ಷತ್ರ ಕುಸಿದು ಸಿಡಿಯುತ್ತದೆ.

“ಅಂದ್ರೆ ಕಬ್ಬಿಣವೇ ಅದನ್ನ ಕೊಂದದ್ದಾ?”

“ಹೂಂ ಅನ್ನಿ, ಯಜಮಾನ್ರೇ.”

“ನಮ್ಮ ಅನ್ನದ ಮೇಲೇ ದೂರು ಹೇಳ್ತೀರಲ್ಲ, ಟೀಚರಮ್ಮ.” ಬೆಳಗಿನಿಂದ ಗಂಟುಹಾಕಿದ್ದ ಅವನ ಮುಖ ತುಸು ಸಡಿಲವಾಯಿತು.

ಸಿಡಿದ ಧೂಳು ಕತ್ತಲಲ್ಲಿ ಅಲೆದು, ಎಲ್ಲೋ ಒಂದು ಮೋಡದೊಂದಿಗೆ ಬೆರೆತು, ಯುಗಗಳ ನಂತರ ಆ ಮೋಡ ಮುದ್ದೆಗಟ್ಟಿ ಹೊತ್ತಿಕೊಂಡಿತು. ಅದೇ ನಮ್ಮ ಸೂರ್ಯ. ಸುತ್ತ ಮಿಕ್ಕದ್ದು ಗ್ರಹಗಳಾದವು, ಭೂಮಿಯಾಯಿತು. ಈ ಅಡಿಗಲ್ಲಿನ ಕಬ್ಬಿಣವೂ ಅಲ್ಲಿಂದಲೇ ಬಂದದ್ದು ಎಂದರು ಟೀಚರು.

ಕಮ್ಮಾರ ತಿರುಗಿ ಅಡಿಗಲ್ಲಿನ ಮೇಲೆ ಅಂಗೈಯಿಟ್ಟ. “ಹಾಗಾದ್ರೆ ಸೂರ್ಯ ಮೊದಲನೇ ಬೆಂಕಿ ಅಲ್ಲ?”

“ಅಲ್ಲ. ಎಷ್ಟು ನಕ್ಷತ್ರ ಆರಿದ ಮೇಲೆ ಹೊತ್ತಿದ್ದೋ ಇದು.”

ಅವನು ಬಾಗಿಲಾಚೆಯ ಬಿಸಿಲನ್ನು ನೋಡಿದ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಆ ಸೂರ್ಯನಿಗೇ ಕೈಮುಗಿಯುತ್ತಿದ್ದ. ಇನ್ನೊಮ್ಮೆ ಹಚ್ಚುವುದು ಭಗವಂತನಿಗೇ ಹೀನಾಯವೆನಿಸಿರಲಿಲ್ಲ.

ಎದ್ದು ಗೂಡಿನಿಂದ ಬೆಂಕಿಪೊಟ್ಟಣ ತೆಗೆದ. ಅಪ್ಪನೇ ಹಚ್ಚುತ್ತಾನೆಂದು ಮಗಳು ಪಕ್ಕಕ್ಕೆ ಸರಿದಳು. ಅವನು ಅದನ್ನು ಅವಳ ಕೈಯಲ್ಲಿಟ್ಟ.

“ಬೆಂಕಿ ಕಾಯೋದು ಕಲಿಬಹುದು, ಮಗಳೇ. ಬಂದು ನಿಜ ಹೇಳಿದ್ಯಲ್ಲ, ಅದನ್ನ ನಾನು ಕಲಿಸೋಕಾಗ್ತಿರ್ಲಿಲ್ಲ. ಹಚ್ಚು. ಕುಲುಮೆ ನಿಂದು.”

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿತು. ಅವನು ತಿದಿಯ ಬಳಿ ಕೂತು ಎಡಗೈಯಿಂದ ಒತ್ತತೊಡಗಿದ. ಇದ್ದಿಲು ನಿಗಿನಿಗಿಯಾಯಿತು. ಅದರಲ್ಲಿಟ್ಟ ದೂರದರ್ಶಕದ ಕಾಲು ಕೆಂಪಗಾಗಿ ಹೊಂಬಣ್ಣಕ್ಕೆ ತಿರುಗುತ್ತಲೇ ಮಗಳು ಇಕ್ಕಳದಿಂದ ಎತ್ತಿ ಅಡಿಗಲ್ಲಿನ ಮೇಲಿಟ್ಟಳು.

“ಸಂಜೆ ಬೂದಿ ಹಾಕೋವಾಗ ನನ್ನ ಕರಿ,” ಎಂದ ಅಪ್ಪ. “ಮಂಕರಿ ಮಾತ್ರ ನಾನೇ ಹಿಡ್ಕೋತೀನಿ.”